ಓಲೆಗರಿ ಸ್ಕ್ಯಾನ್ 64 ಟಿಬಿ, ಮೂವತ್ತು ವರ್ಷ ಟೇಪ್‌ನಲ್ಲಿ ಉಳಿಸಬೇಕು: ಯೋಜನೆ ಹೇಗೆ?

ಓಲೆಗರಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಗ್ರಂಥಾಲಯದಲ್ಲಿ ಓಲೆಗರಿ, ಕಡತ, ಹಳೆಯ ಮುದ್ರಿತ ಪುಸ್ತಕಗಳ ಸ್ಕ್ಯಾನಿಂಗ್ ನಡೆಯುತ್ತಿದೆ. ಇದುವರೆಗೆ 64 ಟಿಬಿ ಆಗಿದೆ, ವರ್ಷಕ್ಕೆ ಇನ್ನು 14 ಟಿಬಿ ಸೇರುತ್ತದೆ. ಬಹುಪಾಲು ಟಿಫ್ ಚಿತ್ರಗಳು, ಜೊತೆಗೆ ಜೆಪೆಗ್ ಪ್ರತಿಗಳು ಮತ್ತು ಓಸಿಆರ್‌ನಿಂದ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರ) ಬಂದ ಲಕ್ಷಾಂತರ ಸಣ್ಣ ಎಕ್ಸ್‌ಎಂಎಲ್ ಫೈಲುಗಳು. ಎಲ್ಲವೂ ಎರಡು ನ್ಯಾಸ್ (ನೆಟ್‌ವರ್ಕ್‌ಗೆ ಸೇರಿದ ಡಿಸ್ಕ್) ಪೆಟ್ಟಿಗೆಗಳಲ್ಲಿವೆ. ಒಂದರಲ್ಲಿ ಬದಲಾದದ್ದು ರಾತ್ರಿ ಇನ್ನೊಂದಕ್ಕೆ ನಕಲಾಗುತ್ತದೆ. ಎರಡೂ ಇರುವುದು ಒಂದೇ ಕೋಣೆಯಲ್ಲಿ. ಇದಲ್ಲದೆ ಆಫೀಸಿನ ಲೆಕ್ಕಪತ್ರ, ಇಮೇಲ್, ಓದುಗರ ನೋಂದಣಿ ಡೇಟಾಬೇಸ್ ಸೇರಿ 2 ಟಿಬಿ ಇದೆ.

ಆಡಳಿತ ಮಂಡಳಿ ಟೇಪ್‌ಗೆ ಒಪ್ಪಿದೆ. ಬಂದಿರುವ ಕೊಟೇಶನ್ನಿನಲ್ಲಿ ಎಲ್‌ಟಿಒ-9 (ಎಲ್‌ಟಿಒ ಎಂಬ ಟೇಪ್ ಮಾದರಿಯ ಒಂಬತ್ತನೇ ತಲೆಮಾರು) ಎಕ್ಸ್‌ಟರ್ನಲ್ ಡ್ರೈವ್ ಒಂದು, ಕಾರ್ಟ್ರಿಜ್ (ಟೇಪ್ ಸುರುಳಿಯ ಡಬ್ಬಿ) ಎರಡು. "ಒಂದರಲ್ಲಿ 45 ಟಿಬಿ ಹಿಡಿಯುತ್ತದೆ, ಬಾಳಿಕೆ 30 ವರ್ಷ" ಎಂದು ಬರೆದಿದ್ದಾರೆ. ಇಷ್ಟು ಸಾಕೇ? ಎಷ್ಟು ಪ್ರತಿ ಇರಬೇಕು, ಏನೇನನ್ನು ಎಷ್ಟು ವರ್ಷ ಇಡಬೇಕು, ಟೇಪ್ ಸರಿಯಾಗಿದೆ ಎಂದು ನಡುನಡುವೆ ತಿಳಿಯುವುದು ಹೇಗೆ? ನಮ್ಮಲ್ಲಿರುವ ನೆಟ್‌ವರ್ಕ್ 1 ಗಿಗಾಬಿಟ್. ಹಳೆಯ ಯೋಜನೆಯೊಂದರ 12 ಎಲ್‌ಟಿಒ-4 ಕಾರ್ಟ್ರಿಜ್‌ಗಳೂ ಬೀರುವಿನಲ್ಲಿವೆ, ಆದರೆ ಅವುಗಳ ಡ್ರೈವ್ ಕೆಟ್ಟಿದೆ. ದಯವಿಟ್ಟು ವಿವರವಾಗಿ ತಿಳಿಸಿ.

---

ಟೇಪ್_ತಿರುಗಣೆ

ನಮಸ್ಕಾರ. ಆ 45 ಟಿಬಿಯನ್ನು ಮೊದಲು ಮರೆತುಬಿಡಿ. ಡೇಟಾ ಎರಡೂವರೆ ಪಟ್ಟು ಕುಗ್ಗುತ್ತದೆ ಎಂದು ಊಹಿಸಿ ಹಾಕಿದ ಲೆಕ್ಕ ಅದು. ಜೆಪೆಗ್ ಆಗಲೇ ಕುಗ್ಗಿರುವ ಫೈಲು, ಇನ್ನು ಕುಗ್ಗುವುದಿಲ್ಲ. ಸ್ಕ್ಯಾನ್ ಮಾಡಿದ ಟಿಫ್‌ನಲ್ಲಿ ಎಲೆಯ ನಾರು, ಕಲೆ, ಕ್ಯಾಮೆರಾದ ನಾಯ್ಸ್ ಎಲ್ಲ ಇರುವುದರಿಂದ ಅದೂ ಹೇಳಿಕೊಳ್ಳುವಷ್ಟು ಕುಗ್ಗದು. ಎಲ್‌ಟಿಒ-9ರ ನಿಜವಾದ ಅಳತೆ 18 ಟಿಬಿ. ಯೋಜನೆ ಹಾಕುವಾಗ ಟೇಪ್‌ಗೆ 17 ಎಂದು ಹಿಡಿಯಿರಿ. 64 ಟಿಬಿಗೆ ಒಂದು ಪ್ರತಿಗೆ 4 ಟೇಪ್, ಆಮೇಲೆ ವರ್ಷಕ್ಕೊಂದು. ಎರಡು ಪ್ರತಿಗೆ ಇದರ ಎರಡರಷ್ಟು.

ಎರಡಕ್ಕಿಂತ ಕಡಿಮೆ ಮಾಡಲೇಬೇಡಿ. ನ್ಯಾಸ್‌ನಲ್ಲಿ ಕೆಲಸದ ಪ್ರತಿ, ಟೇಪ್ 'ಎ' ನಿಮ್ಮ ಕಟ್ಟಡದಲ್ಲಿ, ಟೇಪ್ 'ಬಿ' ಬೇರೆ ಊರಿನಲ್ಲಿ. ಕಾರ್ಟ್ರಿಜ್ ತಯಾರಿಸುವವರು ಫ್ಯೂಜಿಫಿಲ್ಮ್ ಮತ್ತು ಸೋನಿ. 'ಎ' ಒಬ್ಬರದು, 'ಬಿ' ಇನ್ನೊಬ್ಬರದು ಕೊಂಡರೆ ಒಂದು ಬ್ಯಾಚಿನ ದೋಷ ಎರಡೂ ಪ್ರತಿಯನ್ನು ತಿನ್ನುವುದಿಲ್ಲ. ಮೇಲೆ ಬೇರೆ ಬೇರೆ ಹೆಸರಿದ್ದರೂ ಒಳಗೆ ಒಬ್ಬರದೇ ಇರಬಹುದು, ಮಾರುವವರನ್ನು ಕೇಳಿ ತಿಳಿದುಕೊಳ್ಳಿ.

ಎರಡು ನ್ಯಾಸ್ ಇದ್ದರೆ ಸಾಲದೇ ಎಂದು ಮಂಡಳಿಯಲ್ಲಿ ಯಾರಾದರೂ ಕೇಳುತ್ತಾರೆ. ಒಂದರಲ್ಲಿ ಅಳಿಸಿದ್ದು, ಅಥವಾ ರಾನ್ಸಮ್‌ವೇರ್ (ಹಣ ಕೀಳುವ ವೈರಸ್) ಬೀಗ ಹಾಕಿದ್ದು, ರಾತ್ರಿ ಇನ್ನೊಂದಕ್ಕೂ ಹೋಗುತ್ತದೆ. 2011ರ ಫೆಬ್ರುವರಿಯಲ್ಲಿ ಜಿಮೇಲ್‌ನ ಒಂದು ಸಾಫ್ಟ್‌ವೇರ್ ದೋಷ ಕೆಲವು ಬಳಕೆದಾರರ ಪತ್ರಗಳನ್ನು ಹಲವು ಡೇಟಾ ಸೆಂಟರ್‌ಗಳ ಪ್ರತಿಗಳಿಂದಲೂ ಅಳಿಸಿತ್ತು. ಗೂಗಲ್ ಅವನ್ನು ಮರಳಿ ತಂದದ್ದು ಟೇಪ್‌ನಿಂದ. ಕಪಾಟಿನಲ್ಲಿ ಮಲಗಿರುವ ಕಾರ್ಟ್ರಿಜ್‌ಗೆ ನೆಟ್‌ವರ್ಕ್‌ನ ರೋಗ ತಗಲುವುದಿಲ್ಲ.

ಇನ್ನು ವೇಗ. ಹೆಚ್ಚಿನವರು ಎಡವುವುದು ಇಲ್ಲೇ. ಎಲ್‌ಟಿಒ-9 ಹಾಫ್‌ಹೈಟ್ (ಅರ್ಧ ಎತ್ತರದ) ಡ್ರೈವ್ ಸೆಕೆಂಡಿಗೆ 300 ಎಂಬಿ ಬರೆಯುತ್ತದೆ. ನಿಮ್ಮ 1 ಗಿಗಾಬಿಟ್ ತಂತಿಯಲ್ಲಿ ಹರಿಯುವುದು 110 ಎಂಬಿ ಆಸುಪಾಸು. ಡ್ರೈವ್ ಒಂದು ಮಟ್ಟದವರೆಗೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಬಫರ್ (ಡ್ರೈವ್‌ನೊಳಗಿನ ತಾತ್ಕಾಲಿಕ ಸಂಗ್ರಹ) ಬರಿದಾಗಿ ಟೇಪ್ ನಿಲ್ಲುತ್ತದೆ, ಹಿಂದಕ್ಕೆ ಸುತ್ತುತ್ತದೆ, ಮತ್ತೆ ಮುಂದಕ್ಕೆ ಓಡಿ ಬರೆಯುತ್ತದೆ. ಶೂ ಪಾಲಿಶ್ ಮಾಡುವವರ ಬಟ್ಟೆಯ ಹಾಗೆ ಹಿಂದೆ ಮುಂದೆ, ಗಂಟೆಗಟ್ಟಲೆ. ಟೇಪೂ ಸವೆಯುತ್ತದೆ, ಓದಿ ಬರೆಯುವ ಹೆಡ್ಡೂ ಸವೆಯುತ್ತದೆ. ಸಣ್ಣ ಎಕ್ಸ್‌ಎಂಎಲ್ ಫೈಲುಗಳಂತೂ 10 ಗಿಗಾಬಿಟ್ ಇದ್ದರೂ ಇದನ್ನೇ ಮಾಡಿಸುತ್ತವೆ, ಏಕೆಂದರೆ ಅವನ್ನು ಒಂದೊಂದಾಗಿ ತೆರೆಯುವುದರಲ್ಲೇ ಹೊತ್ತು ಹೋಗುತ್ತದೆ.

ಪರಿಹಾರ ಹೀಗೆ. ಟೇಪ್ ಸರ್ವರ್‌ನಲ್ಲಿ (ಡ್ರೈವ್ ಸೇರಿಸುವ ಕಂಪ್ಯೂಟರ್) 4 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ. ನ್ಯಾಸ್‌ಗೂ ಸರ್ವರ್‌ಗೂ ನಡುವೆ ಒಂದು ಜೊತೆ 10 ಗಿಗಾಬಿಟ್ ಕಾರ್ಡ್, ಒಂದು ನೇರ ಕೇಬಲ್. ಸ್ವಿಚ್ ಬದಲಿಸುವ ಅಗತ್ಯವಿಲ್ಲ. ಒಂದೊಂದು ಕಟ್ಟಿನ ಫೈಲುಗಳಿಗೆ ಶಾ-256 (ಫೈಲು ಬದಲಾಗಿದೆಯೇ ಎಂದು ತಿಳಿಸುವ ಗುರುತುಸಂಖ್ಯೆ) ಪಟ್ಟಿ ಮಾಡಿ, ಎಲ್ಲವನ್ನೂ 100 ಜಿಬಿ ಅಳತೆಯ ಟಾರ್ (ಹಲವು ಫೈಲುಗಳನ್ನು ಒಂದಾಗಿಸುವ ರೂಪ) ಕಟ್ಟುಗಳಾಗಿ ಎಸ್‌ಎಸ್‌ಡಿಯಲ್ಲಿ ಕಟ್ಟಿಕೊಳ್ಳಿ, ಅಲ್ಲಿಂದ ಟೇಪ್‌ಗೆ ಇಳಿಸಿ. ಕಟ್ಟಿನ ಒಳರಚನೆಗೆ ಬ್ಯಾಗಿಟ್ (ಫೈಲುಗಳನ್ನೂ ಅವುಗಳ ಪಟ್ಟಿಯನ್ನೂ ಒಟ್ಟಿಗಿಡುವ) ಪದ್ಧತಿ ಹಿಡಿದರೆ ಮುಂದೆ ಯಾರು ಬಿಚ್ಚಿದರೂ ಅರ್ಥವಾಗುತ್ತದೆ. 18 ಟಿಬಿಯ ಟೇಪ್ ತುಂಬಲು ನಿಲ್ಲದೆ ಬರೆದರೂ 16 ಗಂಟೆ 40 ನಿಮಿಷ ಬೇಕು. ಪೂರ್ತಿ ಓದಿ ಪರೀಕ್ಷಿಸಲು ಮತ್ತೆ ಅಷ್ಟೇ. ಒಂದು ಟೇಪ್‌ಗೆ ಎರಡು ದಿನ ಎಂದು ಇಟ್ಟುಕೊಳ್ಳಿ.

ಕೊಟೇಶನ್ನಿನಲ್ಲಿ ಇವು ಇವೆಯೇ ನೋಡಿ: ಎಸ್‌ಎಎಸ್ ಹೋಸ್ಟ್ ಅಡಾಪ್ಟರ್ (ಡ್ರೈವನ್ನು ಸರ್ವರ್‌ಗೆ ಜೋಡಿಸುವ ಕಾರ್ಡ್; ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ರೇಡ್ ಕಾರ್ಡ್ ಅಲ್ಲ, ಅದರ ಹಿಂದೆ ಟೇಪ್ ಡ್ರೈವ್ ಬಹುತೇಕ ಕಾಣಿಸುವುದೇ ಇಲ್ಲ), ಎರಡೂ ತುದಿಯ ಕನೆಕ್ಟರ್‌ಗೆ ಹೊಂದುವ ಕೇಬಲ್, ಒಂದು ಕ್ಲೀನಿಂಗ್ ಕಾರ್ಟ್ರಿಜ್, ಬಾರ್‌ಕೋಡ್ ಲೇಬಲ್. ಕ್ಲೀನಿಂಗ್ ಟೇಪ್ 50 ಬಾರಿಗೆ ಬರುತ್ತದೆ. ಡ್ರೈವ್ ಕೇಳಿದಾಗ ಮಾತ್ರ ಹಾಕಿ. ಶುಕ್ರವಾರಕ್ಕೊಮ್ಮೆ ಪೂಜೆಯ ಹಾಗೆ ಹಾಕಿದರೆ ಹೆಡ್ ಉಜ್ಜಿಹೋಗುತ್ತದೆ.

ಎಲ್‌ಟಿಒ-9ಕ್ಕೆ ಮಾತ್ರ ಇರುವ ಒಂದು ವಿಷಯ: ಹೊಸ ಕಾರ್ಟ್ರಿಜ್ ಮೊದಲ ಸಲ ಹಾಕಿದಾಗ ಡ್ರೈವ್ ಅದನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಸಾಮಾನ್ಯವಾಗಿ 40 ನಿಮಿಷ, ಕೆಲವೊಮ್ಮೆ 2 ಗಂಟೆ. ಕೆಟ್ಟುಹೋಯಿತೆಂದು ಸ್ವಿಚ್ ಆರಿಸಬೇಡಿ. ಕಾರ್ಟ್ರಿಜ್ ಆ ಕೋಣೆಯಲ್ಲಿ ಒಂದು ದಿನ ಕುಳಿತ ಮೇಲೆ ಇದನ್ನು ಮಾಡಿ.

---

ಕಾಲಮಿತಿ

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು 'ಎಷ್ಟು ವರ್ಷ' ಎಂಬುದಕ್ಕಷ್ಟೇ ಬರುತ್ತೇನೆ.

ಟೇಪ್ ಹಾಳೆ 30 ವರ್ಷ ಬಾಳಬಹುದು, ಅದನ್ನು ಓದುವ ಡ್ರೈವ್ ಮಾರುಕಟ್ಟೆಯಲ್ಲಿ ಅಷ್ಟು ಕಾಲ ಇರುವುದಿಲ್ಲ. ನಿಮ್ಮ ಎಲ್‌ಟಿಒ-4 ಕಾರ್ಟ್ರಿಜ್‌ಗಳೇ ಸಾಕ್ಷಿ. ಎಲ್‌ಟಿಒ-7ರವರೆಗೆ ಡ್ರೈವ್ ಎರಡು ತಲೆಮಾರು ಹಿಂದಿನದನ್ನು ಓದುತ್ತಿತ್ತು. ಎಲ್‌ಟಿಒ-8 ಮತ್ತು 9 ಒಂದೇ ತಲೆಮಾರು ಹಿಂದಕ್ಕೆ ಹೋಗುತ್ತವೆ. 2025ರಲ್ಲಿ ಬಂದ ಎಲ್‌ಟಿಒ-10 ಡ್ರೈವ್‌ಗೆ ಎಲ್‌ಟಿಒ-9 ಟೇಪ್ ಹಾಕಿದರೆ ಓದುವುದೇ ಇಲ್ಲ. ಆದ್ದರಿಂದ ಮುಂದೆ ಬದಲಾಯಿಸುವಾಗ ಹಳೆಯ ಡ್ರೈವ್ ಕೆಲಸ ಮಾಡುತ್ತಿರಬೇಕು, ಹೊಸದು ಪಕ್ಕದಲ್ಲಿರಬೇಕು. ಓಲೆಗರಿ ಮುರುಕಲಾಗುವ ಮುಂಚೆಯೇ ಲಿಪಿಕಾರರು ಹೊಸ ಗರಿಗೆ ಪ್ರತಿ ಮಾಡುತ್ತಿದ್ದರಲ್ಲ, ನಿಮ್ಮ ಗ್ರಂಥಾಲಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ 7-8 ವರ್ಷಕ್ಕೊಮ್ಮೆ ಮರುಪ್ರತಿ ಎಂದು ಈಗಲೇ ಬಜೆಟ್ಟಿನಲ್ಲಿ ಸಾಲು ಬರೆಸಿ. ಆ ಹೊತ್ತಿಗೆ ನಿಮ್ಮದು 170 ಟಿಬಿ ಆಸುಪಾಸು ಇರುತ್ತದೆ. 300 ಎಂಬಿ ವೇಗದಲ್ಲಿ ಓದಲು ನಿಲ್ಲದೆ ಆರೂವರೆ ದಿನ, ಕಚೇರಿ ಸಮಯದಲ್ಲಿ ಮಾತ್ರ ಮಾಡಿದರೆ ಒಂದು ತಿಂಗಳು.

ಎರಡನೆಯದು, ಬೇರೆ ಬೇರೆ ಕಾಲಮಿತಿಯ ಡೇಟಾವನ್ನು ಒಂದೇ ಟೇಪ್‌ನಲ್ಲಿ ಬೆರೆಸಬೇಡಿ. ಟೇಪ್‌ನ ನಡುವಿನಿಂದ ಒಂದು ಫೈಲು ತೆಗೆದು ಆ ಜಾಗ ಮತ್ತೆ ಬಳಸಲು ಬರುವುದಿಲ್ಲ. ಲೆಕ್ಕಪತ್ರವನ್ನೂ ಓಲೆಗರಿಯನ್ನೂ ಬೆರೆಸಿದಿರೋ, ಲೆಕ್ಕಪತ್ರದ ಅವಧಿ ಮುಗಿದರೂ ಓಲೆಗರಿಯ ಜೊತೆ ಶಾಶ್ವತವಾಗಿ ಉಳಿಯುತ್ತದೆ. ಮೂರು ಗುಂಪು ಮಾಡಿ.

ಸ್ಕ್ಯಾನ್ ಮೂಲ ಚಿತ್ರಗಳು: ಅವಧಿಯೇ ಇಲ್ಲ. ಬರೆದು ಪರೀಕ್ಷಿಸಿದ ತಕ್ಷಣ ಕಾರ್ಟ್ರಿಜ್‌ನ ರೈಟ್ ಪ್ರೊಟೆಕ್ಟ್ ಗುಂಡಿ ಸರಿಸಿ. ಇವಕ್ಕೆ ಎನ್‌ಕ್ರಿಪ್ಶನ್ ಬೇಡ ಎನ್ನುತ್ತೇನೆ. ಸಾರ್ವಜನಿಕರಿಗೆ ತೋರಿಸುವ ಚಿತ್ರಗಳವು, 20 ವರ್ಷದ ನಂತರ ಕೀಲಿ ಕಳೆಯುವ ಅಪಾಯವೇ ಕಳ್ಳತನದ ಅಪಾಯಕ್ಕಿಂತ ದೊಡ್ಡದು. ಇವಕ್ಕೆ ಬ್ಯಾಕಪ್ ಸಾಫ್ಟ್‌ವೇರೂ ಬೇಡ. ಎಲ್‌ಟಿಎಫ್‌ಎಸ್ (ಟೇಪನ್ನು ಡಿಸ್ಕ್‌ನಂತೆ ತೋರಿಸುವ ಮುಕ್ತ ವ್ಯವಸ್ಥೆ) ಮೇಲೆ ಟಾರ್ ಕಟ್ಟುಗಳನ್ನು ಇಡಿ, ಯಾವ ಕಂಪನಿಯ ಲೈಸೆನ್ಸ್ ಇಲ್ಲದಿದ್ದರೂ ತೆರೆಯಬಹುದು. ಆದರೆ ಎಲ್‌ಟಿಎಫ್‌ಎಸ್ ಟೇಪನ್ನು ಫೋಲ್ಡರ್ ಹಾಗೆ ತೆರೆದು ಥಂಬ್‌ನೇಲ್ ನೋಡಲು ಹೋಗಬೇಡಿ. ಒಂದೊಂದು ಚಿತ್ರಕ್ಕೂ ಕಿಲೋಮೀಟರ್ ಉದ್ದದ ಟೇಪ್ ಹಿಂದೆ ಮುಂದೆ ಓಡುತ್ತದೆ. ಆಂಟಿವೈರಸ್‌ಗೂ ಆ ಡ್ರೈವ್ ಮುಟ್ಟದಂತೆ ಹೇಳಿಡಿ.

ಲೆಕ್ಕಪತ್ರ, ಇಮೇಲ್: ಕಂಪನಿ ಕಾಯ್ದೆ 2013ರ 128ನೇ ಕಲಂ 8 ಹಣಕಾಸು ವರ್ಷ ಎನ್ನುತ್ತದೆ. ಜಿಎಸ್‌ಟಿಯ 36ನೇ ಕಲಂ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು. ನಿಮ್ಮದು ಟ್ರಸ್ಟೋ ಸೊಸೈಟಿಯೋ ಎಂಬುದರ ಮೇಲೆ ಬೇರೆ ನಿಯಮ ಬರಬಹುದು, ಆಡಿಟರ್‌ರಿಂದ ಅವಧಿಯನ್ನು ಬರಹದಲ್ಲಿ ಪಡೆಯಿರಿ. ದಿನದ್ದು, ವಾರದ್ದು ಡಿಸ್ಕ್‌ನಲ್ಲೇ ಇರಲಿ. ಮೂರು ತಿಂಗಳಿಗೊಂದು ಪೂರ್ಣ ಬ್ಯಾಕಪ್, ನಡುವಿನ ತಿಂಗಳುಗಳಲ್ಲಿ ಡಿಫರೆನ್ಶಿಯಲ್ (ಕೊನೆಯ ಪೂರ್ಣ ಬ್ಯಾಕಪ್ ನಂತರ ಬದಲಾದದ್ದು) ಟೇಪ್‌ಗೆ. 2 ಟಿಬಿಗೆ ವರ್ಷಕ್ಕೆ ನಾಲ್ಕು ಪೂರ್ಣ ಎಂದರೆ 8 ಟಿಬಿ, ಹಣಕಾಸು ವರ್ಷಕ್ಕೊಂದು ಟೇಪ್ ಸಾಕು.

ಓದುಗರ ನೋಂದಣಿ: ಇದು ಬೇರೆಯೇ ಇರಲಿ. 2023ರ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕೆನ್ನುತ್ತದೆ, ಟೇಪ್‌ನಿಂದ ಒಬ್ಬರ ಸಾಲನ್ನು ಅಳಿಸಲಾಗದು. ವರ್ಷಕ್ಕೊಂದು ಕೀಲಿಯಿಂದ ಎನ್‌ಕ್ರಿಪ್ಟ್ ಮಾಡಿ, ಅವಧಿ ಮುಗಿದಾಗ ಆ ಕೀಲಿಯನ್ನು ನಾಶಮಾಡಿ. ಕೀಲಿ ಟೇಪ್ ಸರ್ವರ್‌ನಲ್ಲಿ ಮಾತ್ರ ಇರಬಾರದು. ಕಾಗದದಲ್ಲಿ ಮುದ್ರಿಸಿ, ಮೊಹರು ಮಾಡಿದ ಲಕೋಟೆಯಲ್ಲಿ, ಎರಡು ಕಡೆ.

ಬ್ಯಾಕ್ಯುಲಾ ಅಥವಾ ಬೇರಿಯೋಸ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಬಳಸುವುದಾದರೆ ಡೀಫಾಲ್ಟ್ ಸೆಟ್ಟಿಂಗ್ ನೋಡದೆ ಬಿಡಬೇಡಿ. ಬ್ಯಾಕ್ಯುಲಾದಲ್ಲಿ ನೀವೇನೂ ಬರೆಯದಿದ್ದರೆ ಫೈಲ್ ರಿಟೆನ್ಶನ್ (ಉಳಿಸುವ ಅವಧಿ) 60 ದಿನ, ಜಾಬ್ ರಿಟೆನ್ಶನ್ 180 ದಿನ, ವಾಲ್ಯೂಮ್ (ಅಂದರೆ ಟೇಪ್) ರಿಟೆನ್ಶನ್ 365 ದಿನ. ಎರಡು ತಿಂಗಳಾದ ಮೇಲೆ ಫೈಲ್ ಹೆಸರುಗಳು ಕ್ಯಾಟಲಾಗ್‌ನಿಂದ (ಸಾಫ್ಟ್‌ವೇರ್ ಇಟ್ಟುಕೊಳ್ಳುವ ಪಟ್ಟಿಯಿಂದ) ಹೋಗುತ್ತವೆ: ಟೇಪ್‌ನಲ್ಲಿ ಡೇಟಾ ಇರುತ್ತದೆ, ಒಂದೇ ಫೈಲು ಆರಿಸಿ ತೆಗೆಯಲು ಆಗುವುದಿಲ್ಲ. ವರ್ಷ ಕಳೆದ ಮೇಲೆ ಖಾಲಿ ಟೇಪ್ ಸಿಗದಿದ್ದರೆ ಹಳೆಯದರ ಮೇಲೇ ಬರೆಯುತ್ತದೆ. ಎಂಟು ವರ್ಷದ ಪೂಲ್‌ಗೆ (ಟೇಪ್ ಗುಂಪಿಗೆ) ಮೂರು ಅವಧಿಯನ್ನೂ 9 ವರ್ಷ ಮಾಡಿ, ರೀಸೈಕಲ್ (ಹಳೆಯದರ ಮೇಲೆ ಮತ್ತೆ ಬರೆಯುವುದು) ಬಂದ್ ಮಾಡಿ. ವಾಲ್ಯೂಮ್‌ನ ಅವಧಿ ಎಣಿಕೆಯಾಗುವುದು ಅದಕ್ಕೆ ಕೊನೆಯ ಸಲ ಬರೆದ ದಿನದಿಂದ ಎಂಬುದೂ ನೆನಪಿರಲಿ. ಕ್ಯಾಟಲಾಗ್ ಡೇಟಾಬೇಸ್‌ನ ಬ್ಯಾಕಪ್ಪನ್ನು ಪ್ರತಿ ಟೇಪ್‌ನ ಕೊನೆಯಲ್ಲಿ ಬರೆಯಿರಿ.

---

ಓಲೆಗರಿ_ಮೈಸೂರು

ತುಂಬಾ ಉಪಕಾರವಾಯಿತು. 100 ಜಿಬಿ ಕಟ್ಟು, ಮೂರು ಗುಂಪು, ಎರಡೂ ಬರೆದುಕೊಂಡೆ. ಒಂದು ಸಂದೇಹ: ನ್ಯಾಸ್‌ನಲ್ಲಿ ಕಾಣುವ 64 ಟಿಬಿ 1024ರ ಲೆಕ್ಕದ್ದು. ಟೇಪ್‌ನವರದು 1000ದ ಲೆಕ್ಕವೇ?

ಇನ್ನೊಂದು, ಜಾಗ. 'ಎ' ಪ್ರತಿಗೆ ಓಲೆಗರಿ ಇಟ್ಟಿರುವ ಎಸಿ ಕೋಣೆಯ ಗಾಡ್ರೆಜ್ ಬೀರು ಇದೆ, ಪಕ್ಕದಲ್ಲಿ ಬೆಂಕಿ ತಡೆಯುವ ಒಂದು ಸೇಫ್ ಕೂಡ ಇದೆ. 'ಬಿ' ಪ್ರತಿಯನ್ನು ಮಂಡ್ಯದ ನಮ್ಮ ಶಾಖೆಯಲ್ಲಿಡಬಹುದೇ? ಎಲ್‌ಟಿಒ-4 ಬಗ್ಗೆಯೂ ಹೇಳಿ.

---

ಮಂಡ್ಯ_ಸರ್ವರ್‌ಕೋಣೆ

ಸ್ವಾಮಿ, ಓಲೆಗರಿ ಬೀರುವಿನಲ್ಲಿ ಟೇಪ್ ಇಡಬೇಡಿ. ಗರಿಗೆ ಹಚ್ಚುವ ಮಜ್ಜಿಗೆ ಹುಲ್ಲಿನ ಎಣ್ಣೆ, ಮೂಲೆಯಲ್ಲಿಡುವ ನುಸಿಗುಳಿಗೆ, ಎರಡರ ಆವಿಯೂ ಮುಚ್ಚಿದ ಬೀರುವಿನಲ್ಲಿ ತುಂಬಿರುತ್ತದೆ. ಗರಿಗೆ ಅದು ಮದ್ದು, ಟೇಪ್‌ಗೆ ಬೇಡದ ಸಹವಾಸ. ಗರಿ ತೀರಾ ಒಣಗಿದರೆ ಸೀಳುತ್ತದೆ, ಅದಕ್ಕೆ ಸ್ವಲ್ಪ ಪಸೆ ಬೇಕು. ಟೇಪ್‌ಗೆ ಒಣ ಹವೆ ಒಳ್ಳೆಯದು. ದೀರ್ಘಕಾಲ ಇಡುವುದಕ್ಕೆ 16ರಿಂದ 25 ಡಿಗ್ರಿ, ತೇವಾಂಶ 20ರಿಂದ 50 ಶೇಕಡಾ. ಮೈಸೂರಿನ ಬಿಸಿಲು ದೊಡ್ಡ ತೊಂದರೆಯಲ್ಲ. ಜೂನ್‌ನಿಂದ ಶುರುವಾಗುವ ಮಳೆಗಾಲದ ಥಂಡಿ ತೊಂದರೆ. ತೇವ ಹೆಚ್ಚಾದರೆ ಟೇಪ್‌ನ ಕಾಂತೀಯ ಪುಡಿಯನ್ನು ಹಿಡಿದಿರುವ ಅಂಟು ನೀರು ಕುಡಿದು ಮೆತ್ತಗಾಗುತ್ತದೆ, ಹೆಡ್‌ಗೆ ಮೆತ್ತಿಕೊಳ್ಳುತ್ತದೆ.

ಬೆಳಿಗ್ಗೆ ಹತ್ತಕ್ಕೆ ಎಸಿ ಹಾಕಿ ಸಂಜೆ ಐದೂವರೆಗೆ ಆರಿಸುವ ಪದ್ಧತಿ ಇದ್ದರೆ ಅದು ಎಸಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ದಿನಕ್ಕೆರಡು ಸಲ ಹವೆ ಏರಿಳಿದರೆ ಸುರುಳಿ ಹಿಗ್ಗಿ ಕುಗ್ಗಿ ಸಡಿಲವಾಗುತ್ತದೆ. ಒಳಗೋಡೆಯ ಪಕ್ಕದ ಸಣ್ಣ ಕೋಣೆಯಲ್ಲಿ, ಸ್ಟೀಲ್ ಕಪಾಟಿನಲ್ಲಿ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯೊಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ ಇಡಿ. ಡಬ್ಬಿಯೊಳಗೊಂದು ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಅಳೆಯುವ ಸಾಧನ). ಕಾರ್ಟ್ರಿಜ್ ಅದರ ಕೇಸಿನಲ್ಲಿರಲಿ, ಪುಸ್ತಕದ ಹಾಗೆ ನಿಲ್ಲಿಸಿ, ಅಡ್ಡ ಪೇರಿಸಬೇಡಿ.

ಆ ಸೇಫ್‌ನ ಬಾಗಿಲಿನ ಒಳಗಿನ ಚೀಟಿ ಓದಿ. ಕಾಗದದ ಸೇಫ್ ಎಂದರೆ ಬೆಂಕಿಯಲ್ಲಿ ಒಳಗಿನ ಬಿಸಿ 177 ಡಿಗ್ರಿ ಮೀರದು ಎಂದರ್ಥ. ಕಾಗದ ಉಳಿಯುತ್ತದೆ, ಟೇಪ್ ಹಾಳಾಗುತ್ತದೆ. ಮೇಲಾಗಿ ಅದರ ಗೋಡೆಯೊಳಗಿನ ವಸ್ತು ಬಿಸಿಗೆ ಆವಿ ಬಿಡುತ್ತದೆ. ಟೇಪ್‌ಗೆ ಬೇಕಾದದ್ದು ಡೇಟಾ ಸೇಫ್, 52 ಡಿಗ್ರಿ ಮತ್ತು 80 ಶೇಕಡಾ ತೇವಾಂಶ ಮೀರದಂಥದ್ದು. ಬೆಲೆ ಜಾಸ್ತಿ. 'ಬಿ' ಪ್ರತಿ ಬೇರೆ ಊರಲ್ಲಿ ನಿಜವಾಗಿಯೂ ಇದ್ದರೆ ಆ ದುಡ್ಡನ್ನು ಇನ್ನೊಂದು ಡ್ರೈವ್‌ಗೆ ಹಾಕುವುದು ಮೇಲು.

ಮಂಡ್ಯ ಧಾರಾಳವಾಗಿ ಆಗುತ್ತದೆ, 45 ಕಿಲೋಮೀಟರ್ ದೂರ ಸಾಕಷ್ಟಾಯಿತು. ನೆಲಮಹಡಿ ಬೇಡ, ಓವರ್‌ಹೆಡ್ ಟ್ಯಾಂಕ್ ಕೆಳಗಿನ ಕೋಣೆಯೂ ಬೇಡ. ಒಯ್ಯುವಾಗ ಸ್ಪಂಜ್ ಹಾಕಿದ ಪೆಟ್ಟಿಗೆಯಲ್ಲಿ, ಕಾರಿನ ಒಳಗೆ. ಡಿಕ್ಕಿಯಲ್ಲಿಟ್ಟು ಮದ್ದೂರಿನಲ್ಲಿ ಯಾರನ್ನೋ ನೋಡಿ ಬರುತ್ತೇವೆಂದು ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ ಒಳಗೆ 50 ಡಿಗ್ರಿ ದಾಟುತ್ತದೆ. ತಲುಪಿದ ಮೇಲೆ 24 ಗಂಟೆ ಬಿಟ್ಟು ಡ್ರೈವ್‌ಗೆ ಹಾಕಿ. ಕಾರ್ಟ್ರಿಜ್ ಕೈಜಾರಿ ಬಿದ್ದಿತ್ತೋ, ಸಣ್ಣ ಬಾಗಿಲು ಸರಿಸಿ ಒಳಗಿನ ಲೀಡರ್ ಪಿನ್ (ಟೇಪ್‌ನ ತುದಿಗಿರುವ ಕಡ್ಡಿ) ನೆಟ್ಟಗೆ ಕೂತಿದೆಯೇ ನೋಡಿ. ಓರೆಯಾಗಿದ್ದರೆ ಹಾಕಬೇಡಿ. ಟೇಪ್ ಜೊತೆ ಡ್ರೈವೂ ಹೋಗುತ್ತದೆ.

ಆಯುಧಪೂಜೆಯ ಮಾತೊಂದು ಹೇಳಲೇಬೇಕು. ಪೂಜೆ ಮಾಡಿ, ಆದರೆ ಡ್ರೈವ್‌ನ ಮೂತಿಗೆ ಅರಿಶಿನ ಕುಂಕುಮ ಹಚ್ಚಬೇಡಿ, ಗಂಧದಕಡ್ಡಿ ಕೋಣೆಯ ಹೊರಗಿರಲಿ. ಡ್ರೈವ್‌ನ ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಹೆಡ್‌ಗೂ ಟೇಪ್‌ಗೂ ನಡುವೆ ಕುಂಕುಮದ ಒಂದು ಕಣ ಸಿಕ್ಕಿದರೂ ಉದ್ದಕ್ಕೂ ಗೀರು. ರ‍್ಯಾಕ್‌ನ ಹೊರಬಾಗಿಲಿಗೆ ಹೂವು ಸಾಕು, ದೇವಿ ಒಪ್ಪುತ್ತಾಳೆ.

ಕರೆಂಟ್ ವಿಷಯ: ಎಲ್‌ಟಿಎಫ್‌ಎಸ್‌ನಲ್ಲಿ ಕೊನೆಯ ಸೂಚಿ (ಫೈಲುಗಳ ಪಟ್ಟಿ) ಟೇಪ್ ಮೇಲೆ ಬರೆಯುವುದು ಅನ್‌ಮೌಂಟ್ ಮಾಡುವಾಗ (ಟೇಪನ್ನು ಕಂಪ್ಯೂಟರ್‌ನಿಂದ ಬಿಡಿಸುವಾಗ). ನಡುವೆ ವಿದ್ಯುತ್ ಹೋದರೆ ಸೂಚಿ ಅರ್ಧಕ್ಕೆ ನಿಲ್ಲುತ್ತದೆ. ಎಲ್‌ಟಿಎಫ್‌ಎಸ್‌ನ ಚೆಕ್ ಉಪಕರಣದಿಂದ ಸರಿಪಡಿಸಬಹುದು, ಆದರೆ ಆ ಪ್ರಸಂಗ ಬರದಂತೆ ಯುಪಿಎಸ್ 20 ನಿಮಿಷವಾದರೂ ತಡೆಯಬೇಕು, ಬ್ಯಾಟರಿ ಅರ್ಧಕ್ಕೆ ಬಂದಾಗ ಬರವಣಿಗೆ ನಿಲ್ಲಿಸಿ ಅನ್‌ಮೌಂಟ್ ಮಾಡುವ ಸ್ಕ್ರಿಪ್ಟ್ ಇರಬೇಕು.

---

ಟೇಪ್_ತಿರುಗಣೆ

ಒಳ್ಳೆಯ ಪ್ರಶ್ನೆ ಕೇಳಿದಿರಿ, ನನ್ನ ಮೊದಲ ಲೆಕ್ಕ ತಿದ್ದಬೇಕು. ಟೇಪ್‌ನವರದು 1000ದ ಲೆಕ್ಕವೇ. ನಿಮ್ಮ 64 ಟೇಪ್ ಲೆಕ್ಕದಲ್ಲಿ 70.4 ಆಗುತ್ತದೆ, 17ರಂತೆ ನಾಲ್ಕು ಟೇಪ್‌ಗೆ ಹಿಡಿಸುವುದಿಲ್ಲ. ಪ್ರತಿಗೆ 5, ಎರಡಕ್ಕೆ 10. ಆಫೀಸಿಗೆ ಒಂದು, ಓದುಗರ ಡೇಟಾಗೆ ಒಂದು, ಕೈಯಲ್ಲಿ ಎರಡು. ಮೊದಲ ಖರೀದಿಗೆ 14 ಬರೆಸಿ. ವರ್ಷದ 14 ಟಿಬಿ 15.4 ಆಗುತ್ತದೆ, ಅದು ಒಂದೇ ಟೇಪ್‌ನಲ್ಲಿ ಕೂರುತ್ತದೆ.

ಪರೀಕ್ಷೆ ಹೇಗೆಂದು ಕೇಳಿದ್ದಿರಿ. ಬರೆದ ಕೂಡಲೇ ಪೂರ್ತಿ ಓದಿ ಶಾ-256 ಹೋಲಿಸುವುದು ಎಲ್ಲ ಟೇಪ್‌ಗೂ ಕಡ್ಡಾಯ. ಆಮೇಲೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಲ್ಲಿ, ಪ್ರತಿ ಟೇಪ್‌ನ ಆರಂಭ, ನಡು, ಕೊನೆಯಿಂದ ಒಂದೊಂದು ಕಟ್ಟು ಓದಿ. ಮೂರು ವರ್ಷಕ್ಕೊಮ್ಮೆ ಪೂರ್ತಿ. ಓದುವಾಗ ಡ್ರೈವ್ ಸರಿಪಡಿಸಿಕೊಂಡ ದೋಷಗಳ ಎಣಿಕೆಯನ್ನು ರಿಜಿಸ್ಟರಿನಲ್ಲಿ ಬರೆಯಿರಿ. ಅದು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಇನ್ನೂ ಓದಲು ಬರುತ್ತಿರುವಾಗಲೇ ಆ ಟೇಪನ್ನು ಹೊಸದಕ್ಕೆ ಇಳಿಸಿ. ವರ್ಷಕ್ಕೊಮ್ಮೆ ಒಂದಾದರೂ ಟೇಪನ್ನು ಬೇರೆಯವರ ಡ್ರೈವ್‌ನಲ್ಲಿ ಓದಿಸಿ. ಹೆಡ್ ಜೋಡಣೆ ತಪ್ಪಿದ ಡ್ರೈವ್ ತಾನು ಬರೆದದ್ದನ್ನು ತಾನೇ ಚೆನ್ನಾಗಿ ಓದುತ್ತದೆ, ಬೇರೆ ಯಾವುದರಲ್ಲೂ ಓದಲಾಗದು.

ಎಲ್‌ಟಿಒ-4 ಓದಲು ಎಲ್‌ಟಿಒ-4, 5 ಅಥವಾ 6 ಡ್ರೈವ್ ಬೇಕು. ಎಲ್‌ಟಿಒ-9 ಕೊಂಡರೆ ಅದಕ್ಕೆ ಉಪಯೋಗವಿಲ್ಲ. ಬಳಸಿದ ಎಲ್‌ಟಿಒ-5 ಎಸ್‌ಎಎಸ್ ಡ್ರೈವ್ ಹುಡುಕಿ, ಅಥವಾ ಇರುವವರಿಂದ ವಾರದ ಮಟ್ಟಿಗೆ ಪಡೆಯಿರಿ. ನಿಮ್ಮ ಹೊಸ ಅಡಾಪ್ಟರ್‌ಗೇ ಸಿಕ್ಕಿಸಬಹುದು, ಕೇಬಲ್‌ನ ಆ ತುದಿ ಬೇರೆ ಬೇಕಾಗುತ್ತದೆ. ಮೊದಲು ಹನ್ನೆರಡಕ್ಕೂ ರೈಟ್ ಪ್ರೊಟೆಕ್ಟ್ ಮಾಡಿ. ಎರಡು ದಿನ ಒಣ ಕೋಣೆಯಲ್ಲಿಡಿ. ಅತಿ ಕಡಿಮೆ ಮುಖ್ಯವಾದ ಟೇಪ್‌ನಿಂದ ಶುರುಮಾಡಿ. ಯಾವ ಸಾಫ್ಟ್‌ವೇರ್ ಬರೆದದ್ದೆಂದು ಮೊದಲ ಬ್ಲಾಕ್‌ನಿಂದ ತಿಳಿಯುತ್ತದೆ. ಬಿಚ್ಚುವುದು ಆಮೇಲೆ ನೋಡೋಣ, ಮೊದಲು ಬ್ಲಾಕ್‌ಗಳನ್ನು ಇದ್ದಂತೆಯೇ ಡಿಸ್ಕ್‌ಗೆ ಇಳಿಸಿಕೊಳ್ಳಿ. 12 ಟೇಪ್, ಒಂದಕ್ಕೆ 800 ಜಿಬಿ, ಒಟ್ಟು 9.6 ಟಿಬಿ. ಟೇಪ್‌ನಲ್ಲಿ ಕುಗ್ಗಿಸಿದ ಡೇಟಾ ಇದ್ದರೆ ಬಿಚ್ಚಿ ಹೊರಬರುವುದು ಇನ್ನೂ ಹೆಚ್ಚು. 20 ಟಿಬಿ ಜಾಗ ಖಾಲಿ ಇಟ್ಟುಕೊಂಡು ಕೂರಿ.

---

ಓಲೆಗರಿ_ಮೈಸೂರು

ಕೊಟೇಶನ್ ತಿದ್ದಿ ಕಳಿಸುತ್ತಿದ್ದೇನೆ: ಡ್ರೈವ್ 1, ಎಸ್‌ಎಎಸ್ ಅಡಾಪ್ಟರ್, ಕೇಬಲ್, ಕಾರ್ಟ್ರಿಜ್ 14 (ಎರಡು ತಯಾರಕರದು ಏಳೇಳು), ಕ್ಲೀನಿಂಗ್ 1, 10 ಗಿಗಾಬಿಟ್ ಕಾರ್ಡ್ 2, ಎಸ್‌ಎಸ್‌ಡಿ 4 ಟಿಬಿ. ಕೊನೆಯದೊಂದು, ಅವಧಿ ಮುಗಿದ ಲೆಕ್ಕಪತ್ರದ ಟೇಪನ್ನು ಡಿಗಾಸ್ ಮಾಡಿಸಿ (ಬಲವಾದ ಕಾಂತದಿಂದ ಅಳಿಸಿ) ಮತ್ತೆ ಬಳಸಬಹುದೇ?

---

ಕಾಲಮಿತಿ

ಬಳಸಲಾಗದು. ಹೆಡ್‌ಗೆ ದಾರಿ ತೋರಿಸುವ ಸರ್ವೋ ಗೆರೆಗಳನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಡಿಗಾಸ್ ಮಾಡಿದರೆ ಅವೂ ಅಳಿಸಿ ಕಾರ್ಟ್ರಿಜ್ ಪೂರ್ತಿ ನಿಷ್ಪ್ರಯೋಜಕ. ಮತ್ತೆ ಬಳಸಬೇಕೆಂದಿದ್ದರೆ ಮೊದಲಿನಿಂದಲೇ ಎನ್‌ಕ್ರಿಪ್ಟ್ ಮಾಡಿ ಬರೆಯಿರಿ, ಅವಧಿ ಮುಗಿದಾಗ ಕೀಲಿ ನಾಶಮಾಡಿ ಹೊಸದಾಗಿ ಲೇಬಲ್ ಹಾಕಿ. ಆದರೆ ಒಂಬತ್ತು ವರ್ಷದ ಹಿಂದಿನ ಟೇಪ್ ಆ ಹೊತ್ತಿನ ಡ್ರೈವ್‌ಗೆ ಹೊಂದುವುದೇ ಅನುಮಾನ. ಚೂರು ಮಾಡಿಸಿ ಪ್ರಮಾಣಪತ್ರ ಪಡೆದು, ಬಾರ್‌ಕೋಡ್ ಸಂಖ್ಯೆಯ ಎದುರು ರಿಜಿಸ್ಟರಿನಲ್ಲಿ ದಿನಾಂಕ ಬರೆದುಬಿಡಿ.